ರೀಮಾದಲ್ಲಿ ಭೂಮಿ ನಡುಗಿದುದೇಕೆ?

1950ನೆಯ ಇಸವಿ ಆಗಸ್ಟ್ 15, ರಾತ್ರಿ ಎಂಟರ ಸುಮಾರು. ಅಸ್ಸಾಮಿನ ಈಶಾನ್ಯದ ತುದಿಯಾಚೆ, ಟಿಬೆಟ್ಟಿನ ಜಯುಲ್ ಪ್ರಾಂತದ ರೀಮಾ ಎಂಬ ಹಳ್ಳಿಯ ಬಳಿ, ಗಿಡಮೂಲಗಳನ್ನರಸಿ ಹೋಗಿದ್ದ ಆಂಗ್ಲ ಸಸ್ಯಾನ್ವೇಷಕ ಫ್ರಾಂಕ್ ಕಿಂಗ್ಡನ್-ವಾರ್ಡರು ಪತ್ನಿಯೊಡನೆ ಡೇರೆ ಹಾಕಿದ್ದರು. ಹಠಾತ್ತನೆ ನೆಲವು ಅವರನ್ನು ಕೆಡವಿಬಿಟ್ಟಿತು. ಸುತ್ತಲ ಬೆಟ್ಟಗಳು ಕುಸಿದು ಉರುಳಿದವು. ಕಂಪನ ಅಡಗುತ್ತಿರುವಾಗ ಆಕಾಶದಲ್ಲಿ ತೋಪು ಸಿಡಿದಂತೆ ಸಾಲಾಗಿ ಸದ್ದುಗಳು ಕೇಳಿಸಿದವಂತೆ! ಆ ಭೂಕಂಪದ ಪ್ರಮಾಣ 8.6. ಎರಡು ಭೂಖಂಡಗಳ ಘರ್ಷಣೆಯಿಂದ ಹುಟ್ಟಿ, ಉಪಕರಣಗಳಲ್ಲಿ ದಾಖಲಾದ ಕಂಪನಗಳಲ್ಲಿ ಇದಕ್ಕಿಂತ ದೊಡ್ಡದು ಬೇರೊಂದಿಲ್ಲ.

ಕಾರಣವೇನೆಂದು ನಮ್ಮಜ್ಜಿಯನ್ನು ಕೇಳಿದರೆ, ಆದಿಶೇಷನು ಭಾರವನ್ನು ಒಂದು ಹೆಡೆಯಿಂದ ಇನ್ನೊಂದಕ್ಕೆ ಬದಲಿಸಿದನೆಂದು ಹೇಳಿ ಮುಗಿಸುತ್ತಾಳೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದುದರಿಂದ ಆಕೆಗೆ ಬೇರೆ ಉತ್ತರವನ್ನು ತಿಳಿಯುವಂತೆ ಹೇಳುವ ಹೊಣೆಯೂ ನನ್ನ ಮೇಲೆಯೇ ಬಿದ್ದಿದೆ.

ಭೂಮಿಯ ಹೊರಪದರವು ಒಂದೇ ಅಖಂಡ ಚಿಪ್ಪಲ್ಲ. ಹಲವು ಮಹಾಫಲಕಗಳಾಗಿ ಒಡೆದಿದೆ. ನಾವು ನಿಂತಿರುವ ಫಲಕವು ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಬಂದು ಢಿಕ್ಕಿ ಹೊಡೆಯಿತು. ಅಂದು ಎದ್ದ ಮಡಿಕೆಯೇ ಹಿಮಾಲಯ. ಢಿಕ್ಕಿಯಾದರೂ ನಡಿಗೆ ನಿಂತಿಲ್ಲ. ಇಂದಿಗೂ ಫಲಕವು ವರ್ಷಕ್ಕೆ 4–5 ಸೆಂಟಿಮೀಟರಿನಷ್ಟು ಉತ್ತರಕ್ಕೆ ಒತ್ತುತ್ತಿದೆ. ಬೆರಳಿನ ಉಗುರು ಬೆಳೆಯುವ ವೇಗ ಎನ್ನೋಣ. ಇದರಲ್ಲಿ ಹೆಚ್ಚುಕಡಿಮೆ 2 ಸೆಂಟಿಮೀಟರು ಹಿಮಾಲಯದ ಬುಡದಲ್ಲಿಯೇ ತಡೆದು ನಿಲ್ಲುತ್ತದೆ.

ತಡೆದು ನಿಲ್ಲುವುದರಲ್ಲಿಯೇ ಅಪಾಯವಿರುವುದು. ಮಳೆಗಾಲದಲ್ಲಿ ಉಬ್ಬಿದ ಬಾಗಿಲನ್ನು ನೂಕಿ ನೋಡಿರಿ: ನೂಕಿದಷ್ಟೂ ಅಲುಗದು, ಕೊನೆಗೆ ಒಮ್ಮೆಲೇ ತೆರೆದುಕೊಂಡು ನಮ್ಮನ್ನೇ ಮುಗ್ಗರಿಸುತ್ತದೆ. ಬಂಡೆಯ ಬಿರುಕೂ ಹಾಗೆಯೇ. 500 ವರ್ಷ ಕಚ್ಚಿಕೊಂಡಿದ್ದರೆ 10 ಮೀಟರಿನ ಬಾಕಿ ಕೂಡಿಬಿತ್ತು. ಅದು ತೀರುವುದು ಕೆಲವೇ ನಿಮಿಷಗಳಲ್ಲಿ.

ಆದರೆ ರೀಮಾದ ಬಳಿಯೇ ಏಕೆ? ಭೂಪಟವನ್ನು ತೆರೆದರೆ ಸುಳಿವು ಸಿಗುತ್ತದೆ. ಪೂರ್ವಕ್ಕೆ ಸಾಗಿಬಂದ ಹಿಮಾಲಯವು 7,782 ಮೀಟರ್ ಎತ್ತರದ ನಾಮ್ಚಾ ಬರ್ವಾ ಶಿಖರದ ಬಳಿ ಮುಗಿಯುತ್ತದೆ. ಅಲ್ಲಿಂದ ಬೆಟ್ಟಸಾಲುಗಳು ತಟ್ಟನೆ ದಕ್ಷಿಣಕ್ಕೆ, ಬರ್ಮಾದ ಕಡೆಗೆ ತಿರುಗುತ್ತವೆ. ನಮ್ಮ ಫಲಕದ ಈಶಾನ್ಯ ಮೂಲೆಯೇ ಇದು. ನೇಗಿಲಿನ ಗುಳ ನೆಲಕ್ಕೆ ಹೊಕ್ಕಾಗ ಮುಂದಿನ ಮಣ್ಣು ಮೇಲೇಳುತ್ತದೆ, ಪಕ್ಕದ ಮಣ್ಣು ಸರಿದು ಹಿಂದಕ್ಕೆ ಹರಿಯುತ್ತದೆ. ಇಲ್ಲಿಯೂ ಅದೇ ನಡೆದಿದೆ: ಒಂದು ಕಡೆ ಬಂಡೆಯ ಮೇಲೆ ಬಂಡೆ ಏರುತ್ತಿದೆ, ಇನ್ನೊಂದು ಕಡೆ ಟಿಬೆಟ್ಟಿನ ನೆಲವು ಮೂಲೆಯನ್ನು ಬಳಸಿ ಆಗ್ನೇಯಕ್ಕೆ ಜಾರುತ್ತಿದೆ. ಏರುವ ಬಿರುಕು, ಜಾರುವ ಬಿರುಕು ಎರಡೂ ಒಂದೆಡೆ ಹೆಣೆದುಕೊಂಡ ಜಾಗ ಅದು.

ಜನವಿರಳವಾದ ಕಾಡುಬೆಟ್ಟದಲ್ಲಿ ನಡುಗಿದರೆ ಯಾರಿಗೆ ನಷ್ಟವೆನ್ನಬಹುದು. ನಷ್ಟವು ನದಿಯ ದಾರಿ ಹಿಡಿದು ಕೆಳಗಿಳಿಯಿತು. ಕುಸಿದ ಬೆಟ್ಟ ಸುಬಾನ್ಸಿರಿ ನದಿಗೆ ಅಡ್ಡಲಾಗಿ ಬಿದ್ದು ಕಟ್ಟೆಯಾಯಿತು. ಎಂಟು ದಿನಗಳ ಮೇಲೆ ಅದು ಒಡೆದು, 7 ಮೀಟರ್ ಎತ್ತರದ ನೀರಿನ ಗೋಡೆ ಬಯಲಿಗೆ ನುಗ್ಗಿ 500ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ನಡುಗಿದ ದಿನ ಬದುಕಿ ಉಳಿದವರು ಅವರು! ಬ್ರಹ್ಮಪುತ್ರೆಯ ತಳದಲ್ಲಿ ಹೂಳು ತುಂಬಿತು. ಮುಂದಿನ ವರ್ಷಗಳಲ್ಲಿ ಹಳೆಯ ಸದಿಯಾ ಪಟ್ಟಣವೇ ನದಿಯ ಪಾಲಾಯಿತು.

ಇಷ್ಟಾದರೂ ಅಸ್ಸಾಮಿನಲ್ಲಿ ಸತ್ತವರು ಸುಮಾರು 1,500 ಮಂದಿ. 1993ರ ಸೆಪ್ಟೆಂಬರ್ 30ರಂದು ನಮ್ಮ ಬೀದರ, ಕಲಬುರಗಿಗಳ ಪಕ್ಕದಲ್ಲೇ ಇರುವ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಆದ ಕಂಪನದ ಪ್ರಮಾಣ 6.2 ಮಾತ್ರ. ಪ್ರಮಾಣದಲ್ಲಿ ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟಾಗುವುದರಿಂದ, ರೀಮಾದ ಶಕ್ತಿ ಇದರ ಸುಮಾರು 4,000 ಪಟ್ಟು. ಅಲ್ಲಿ ಸತ್ತವರಾದರೋ 9,000ಕ್ಕೂ ಮಿಕ್ಕು. 1897ರ ಜೂನ್ 12ರ ಶಿಲ್ಲಾಂಗ್ ಭೂಕಂಪದಲ್ಲಿ ಕಲ್ಲಿನ ಕಟ್ಟಡಗಳೆಲ್ಲ ನೆಲಸಮವಾದುದನ್ನು ಕಂಡ ಅಸ್ಸಾಮಿನವರು ಮರದ ಚೌಕಟ್ಟು, ಜೊಂಡಿನ ಗೋಡೆ, ತಗಡಿನ ಸೂರಿನ ಹಗುರ ಮನೆಗಳನ್ನು ಕಟ್ಟಿಕೊಂಡರು. ಕಿಲ್ಲಾರಿಯವು ಮಣ್ಣಿನಲ್ಲಿ ಜೋಡಿಸಿದ ದಪ್ಪ ಕಲ್ಲುಗೋಡೆಗಳು, ಮೇಲೆ ಮಣ್ಣಿನ ಭಾರಿ ಮಾಳಿಗೆ.

ಇಷ್ಟನ್ನೂ ಅಜ್ಜಿಗೆ ಹೇಳಿದೆ. ಆಕೆ ಆದಿಶೇಷನನ್ನು ಬಿಟ್ಟುಕೊಡಲಿಲ್ಲ. ಆದರೆ ಎದ್ದು ಹೋಗಿ, ತಾನು ಮದುವೆಯಾಗಿ ಬಂದ ಆ ಮನೆಯ ಕಲ್ಲುಗೋಡೆಯ ಸಂದಿನಲ್ಲಿ ಬೆರಳಿಟ್ಟು, ಉದುರಿದ ಮಣ್ಣನ್ನು ನೋಡುತ್ತ ನಿಂತಳು.