ಜೇಬಿನೊಳಗಿನ ಬೆಂಕಿ

ಬೆಂಕಿಯೆಂದೊಡನೆ ನಮಗೆ ಒಲೆಯೂ ದೀಪವೂ ನೆನಪಿಗೆ ಬರುತ್ತವೆ. ಈ ಕಾಲದಲ್ಲಾದರೋ ಉಡುಪಿನ ಜೇಬಿನಿಂದಲೂ ಬೆಂಕಿಯು ಹೊರಡುವುದುಂಟು. ಇ-ಸಿಗರೇಟುಗಳಿಂದಾಗುವ ಸುಟ್ಟ ಗಾಯಗಳೇ ಇದಕ್ಕೆ ನಿದರ್ಶನವು.

ಈ ಉಪಕರಣದಲ್ಲಿ ಹೊಗೆಸೊಪ್ಪು ಉರಿಯುವುದಿಲ್ಲ. ತಂತಿಯ ಸುರುಳಿಯೊಂದು ಕಾದು, ಸಾಮಾನ್ಯವಾಗಿ ನಿಕೊಟಿನ್ ಬೆರೆತಿರುವ ದ್ರವವನ್ನು ಆವಿಯನ್ನಾಗಿ ಮಾಡುತ್ತದೆ. ಸುರುಳಿಯನ್ನು ಕಾಯಿಸುವುದು ಲಿಥಿಯಂ-ಅಯಾನ್ ಬ್ಯಾಟರಿಯು. ಅಪಾಯದ ಮೂಲವು ಇದೇ.

ಬ್ಯಾಟರಿಯ ಎರಡು ಧ್ರುವಗಳ ನಡುವೆ ತೆಳುವಾದ ಪೊರೆಯೂ, ಸುಲಭವಾಗಿ ಹೊತ್ತಿಕೊಳ್ಳುವ ದ್ರವವೂ ಇರುತ್ತವೆ. ಪೊರೆಯು ಹರಿದರೆ, ಅಥವಾ ಬಿಡಿ ಬ್ಯಾಟರಿಯ ಎರಡು ಧ್ರುವಗಳಿಗೂ ಜೇಬಿನಲ್ಲಿರುವ ಬೀಗದ ಕೈಯೋ ನಾಣ್ಯವೋ ಒಮ್ಮೆಗೇ ತಗಲಿದರೆ, ವಿದ್ಯುತ್ತು ತಡೆಯಿಲ್ಲದೆ ಹರಿದು ಅದು ಕಾಯತೊಡಗುತ್ತದೆ. ಕಾವಿನಿಂದ ಒಳಗಿನ ರಾಸಾಯನಿಕ ಕ್ರಿಯೆಗಳು ಹೆಚ್ಚುತ್ತವೆ. ಆ ಕ್ರಿಯೆಗಳಿಂದ ಕಾವು ಮತ್ತಷ್ಟು ಹೆಚ್ಚುತ್ತದೆ. ಕಡೆಗೆ ಕವಚವು ಒಡೆದು ಜ್ವಾಲೆಯು ಚಿಮ್ಮುತ್ತದೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಅಗ್ನಿಶಾಮಕ ಆಡಳಿತವು 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ, 2009ರಿಂದ 2016ರವರೆಗೆ ಆ ದೇಶದಲ್ಲಿ ನಡೆದ ಇಂಥ 195 ಪ್ರಸಂಗಗಳು ಎಣಿಕೆಯಾಗಿವೆ. ಅವುಗಳಿಂದ ಗಾಯಗೊಂಡವರು 133 ಮಂದಿ. 61 ಪ್ರಸಂಗಗಳಲ್ಲಿ ಉಪಕರಣವಾಗಲಿ ಬಿಡಿ ಬ್ಯಾಟರಿಯಾಗಲಿ ಜೇಬಿನಲ್ಲಿಯೇ ಇದ್ದಿತು. ಆದಕಾರಣ ತೊಡೆಯೂ ಕೈಯೂ ಸುಡುತ್ತವೆ. ಸೇದುವಾಗ ಸಿಡಿದರೆ ಹಲ್ಲು ತುಟಿಗಳಿಗೆ ಹಾನಿಯಾಗುತ್ತದೆ. ಸಿಯಾಟಲ್ ನಗರದ ವೈದ್ಯರು 2016ರಲ್ಲಿ ಪ್ರಕಟಿಸಿದ 15 ರೋಗಿಗಳ ವೃತ್ತಾಂತದಲ್ಲಿ, ಜ್ವಾಲೆಯ ಗಾಯಗಳಲ್ಲದೆ ಬ್ಯಾಟರಿಯ ಕ್ಷಾರದಿಂದ ಬೆಂದ ಗಾಯಗಳೂ ಉಂಟು. ಕೆಲವರಿಗೆ ಬೇರೆ ಕಡೆಯ ಚರ್ಮವನ್ನು ತೆಗೆದು ಕಸಿಮಾಡಬೇಕಾಯಿತು.

ನಮ್ಮ ದೇಶದಲ್ಲಿ ಇವುಗಳ ತಯಾರಿಕೆಯನ್ನೂ ಮಾರಾಟವನ್ನೂ 2019ರ ಕಾಯಿದೆಯು ನಿಷೇಧಿಸಿದೆ. ಆದರೆ ಅದೇ ಜಾತಿಯ ಬ್ಯಾಟರಿಯು ನಮ್ಮೆಲ್ಲರ ಮೊಬೈಲ್ ಫೋನುಗಳಲ್ಲಿಯೂ ಪವರ್ ಬ್ಯಾಂಕುಗಳಲ್ಲಿಯೂ ಇರುವುದರಿಂದ, ಪ್ರಥಮ ಚಿಕಿತ್ಸೆಯನ್ನು ಪ್ರತಿಯೊಬ್ಬ ಗೃಹಿಣಿಯೂ ಅರಿತಿರುವುದು ಅವಶ್ಯವು.

ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. ನೆಲದ ಮೇಲೆ ಹೊರಳಬೇಕು. ಬೆಂಕಿಯು ಆರಿದ ಮೇಲೆ, ಮೈಗೆ ಅಂಟಿಕೊಳ್ಳದ ಬಟ್ಟೆಯನ್ನು ಕಳಚಿ, ಗಾಯದ ಮೇಲೆ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಬೇಕು. ಮಸಿ, ಬೆಣ್ಣೆ, ಅರಿಸಿನ, ಟೂತ್‌ಪೇಸ್ಟ್ ಇವಾವುದನ್ನೂ ಹಚ್ಚಕೂಡದು. ಶುಭ್ರವಾದ ಬಟ್ಟೆಯನ್ನು ಹೊದಿಸಿ ಆಸ್ಪತ್ರೆಗೆ ಒಯ್ದು, ಬ್ಯಾಟರಿಯಿಂದಾದ ಗಾಯವೆಂದು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಕ್ಷಾರವು ಉಳಿದಿದೆಯೇ ಎಂದು ಅವರು ಪರೀಕ್ಷಿಸುವರು.

ತಾಯಂದಿರೇ, ಕದ್ದು ಸೇದಿದ ಹುಡುಗನು ಬೈಗುಳಕ್ಕೆ ಅಂಜಿ ಗಾಯವನ್ನು ಮರೆಮಾಡಿದರೆ ಕೇಡು ಇಮ್ಮಡಿಯಾಗುವುದು. ಮೊದಲು ನೀರು, ಆಮೇಲೆ ವೈದ್ಯರು; ಬುದ್ಧಿವಾದವು ಕಡೆಯಲ್ಲಿರಲಿ.