ಮೆಜೆಸ್ಟಿಕ್‌ನಲ್ಲಿ ಡಾರ್ಮಿಟರಿ ಬೆಡ್ ಹಿಡಿಯೋ ಮುಂಚೆ

ಬೆಳಗಿನ ಜಾವ ಬೆಂಗಳೂರಿಗೆ ಬಂದಿಳಿದು, ಹತ್ತು ಗಂಟೆಗೆ ಇಂಟರ್‌ವ್ಯೂ ಇದೆಯಾ? ಇಡೀ ರೂಮೇ ಬೇಕಿಲ್ಲ, ಮೆಜೆಸ್ಟಿಕ್‌ನ ಡಾರ್ಮಿಟರಿಯಲ್ಲಿ ಒಂದು ಬೆಡ್ ಸಾಕು. ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ನೇರಳೆ-ಹಸಿರು ಎರಡೂ ಮೆಟ್ರೋ ಮಾರ್ಗ, ಎಲ್ಲ ನಡೆದು ಹೋಗುವಷ್ಟು ಹತ್ತಿರ.

ರೈಲಿನಲ್ಲಿ ಬರೋರು ಮೊದಲು ಸ್ಟೇಷನ್ನಿನ ರಿಟೈರಿಂಗ್ ರೂಮ್ ನೋಡಿ. ಟಿಕೆಟ್ ಕನ್ಫರ್ಮ್ ಅಥವಾ ಆರ್‌ಎಸಿ ಆಗಿದ್ರೆ, ಪಿಎನ್‌ಆರ್ ಹಾಕಿ ಐಆರ್‌ಸಿಟಿಸಿಯಲ್ಲೇ ಬುಕ್ ಮಾಡಬಹುದು.

ಹೊರಗಿನ ಲಾಡ್ಜ್ ಆದ್ರೆ, ದುಡ್ಡು ಕೊಡೋ ಮುಂಚೆ ಬೆಡ್ ತೋರಿಸಿ ಅನ್ನಿ. ಸಂಕೋಚ ಖಂಡಿತ ಬೇಡ. ಬೆಡ್‌ಶೀಟಿನ ಮೂಲೆ ಎತ್ತಿ, ಹಾಸಿಗೆಯ ಹೊಲಿಗೆಗುಂಟ ಮೊಬೈಲ್ ಟಾರ್ಚ್ ಬಿಡಿ. ಇಂಕು ಸಿಡಿದಂಥ ಸಣ್ಣ ಕಪ್ಪು ಚುಕ್ಕೆ ಕಂಡ್ರೆ ತಿಗಣೆ ಇದೆ ಅಂತಲೇ ಲೆಕ್ಕ. ಮಂಚದ ಸಂದಿ, ಗೋಡೆಯ ಬಿರುಕೂ ನೋಡಿ. ಇದ್ರೆ ಆ ಬೆಡ್ ಬೇಡವೇ ಬೇಡ. ಬ್ಯಾಗಿನೊಳಗೆ ಸೇರಿ ನಿಮ್ಮ ಮನೆಗೂ ಬಂದುಬಿಡುತ್ತೆ.

ಚೆಕ್‌ಔಟ್ 24 ಗಂಟೆಯದ್ದಾ, ಮಧ್ಯಾಹ್ನ 12ಕ್ಕಾ? ಕೇಳಿ. ಬೆಳಗ್ಗೆ 5ಕ್ಕೆ ಬಂದವರಿಗೆ ಇದು ದೊಡ್ಡ ವ್ಯತ್ಯಾಸ. ಲಾಕರ್‌ಗೆ ಸ್ವಂತ ಬೀಗ, ಒರಿಜಿನಲ್ ಆಧಾರ್, ಒಂದು ಟವೆಲ್ ಜೊತೆಗಿರಲಿ. ಹೆಣ್ಣುಮಕ್ಕಳು ಒಬ್ಬರೇ ಬರ್ತಿದ್ರೆ, ಲೇಡೀಸ್ ಡಾರ್ಮಿಟರಿ ಬೇರೆ ಇದೆಯಾ, ಬಾತ್‌ರೂಮೂ ಬೇರೆನಾ ಅಂತ ಫೋನ್ ಮಾಡಿ ಕೇಳ್ಕೊಂಡೇ ಊರಿಂದ ಹೊರಡಿ.