ರೂಪಕವನ್ನು ಗುರುತಿಸುವ ಬಗೆ

‘ಅಂತೆ’, ‘ಹಾಗೆ’ ಎಂಬ ವಾಚಕಪದವಿದ್ದರೆ ಉಪಮೆ, ಇಲ್ಲದಿದ್ದರೆ ರೂಪಕ: ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದ ಸೂತ್ರವಿದು. ಇದರಿಂದ ವಿದ್ಯಾರ್ಥಿಗೆ ಅಂಕ ದೊರೆಯುತ್ತದೆ. ಅರ್ಥ ದೊರೆಯುವುದೆಂಬ ಭರವಸೆಯಿಲ್ಲ. ‘ಮುಖಕಮಲ’ವೆಂಬ ಸಮಾಸದಲ್ಲಿಯೇ ಈ ಸೂತ್ರ ಸೋಲುತ್ತದೆ. ಅದನ್ನು ಕಮಲದಂತಹ ಮುಖವೆಂದೂ ಬಿಡಿಸಬಹುದು, ಮುಖವೆಂಬ ಕಮಲವೆಂದೂ ಬಿಡಿಸಬಹುದು. ಇಂತಹ ತೊಡಕನ್ನು ಕ್ರಿಯಾಪದವು ಬಿಡಿಸುವ ಬಗೆಯನ್ನು 14ನೆಯ ಶತಮಾನದ ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ತೋರಿಸಿದ್ದಾನೆ. ಮುಖಕಮಲ ಅರಳಿತೆಂದರೆ, ಅರಳುವುದು ಕಮಲದ ಧರ್ಮವಾದುದರಿಂದ ರೂಪಕ; ಬೆವರಿತೆಂದರೆ, ಬೆವರುವುದು ಮುಖದ ಧರ್ಮವಾದುದರಿಂದ ಉಪಮೆ. ಆದರೆ ‘ಮುಖ ಅರಳಿತು’ ಎಂಬುದು ಮನೆಮಾತೇ ಆಗಿರುವುದರಿಂದ ಮಕ್ಕಳು ಅಲ್ಲಿ ಅಲಂಕಾರವನ್ನೇ ಕಾಣರು. ಮೊದಲು ಅದನ್ನು ಕಾಣಿಸಬೇಕು.

ಮುಂಬಯಿಯ ಕನ್ನಡ ಮಕ್ಕಳಿಗೆ ‘ಸಂಸಾರಸಾಗರ’ವನ್ನು ಕಲಿಸುವಾಗ ಬೇರೊಂದು ತೊಡಕು. ಅವರ ಪಾಲಿಗೆ ಕಡಲೆಂದರೆ ಚೌಪಾಟಿಯ ಸಂಜೆ, ಭೇಳಪುರಿ, ಭಯವಲ್ಲ. ಆದುದರಿಂದ ಅರ್ಥವನ್ನು ಉಕ್ತಲೇಖನದಂತೆ ಬರೆಸಿ ಪ್ರಯೋಜನವಿಲ್ಲ. ದಾಟು, ಮುಳುಗು, ದಡ ಎಂಬ ಮಾತುಗಳನ್ನು ಅವರಿಂದಲೇ ಹೊರಡಿಸಿ, ಕಡಲಿನ ಯಾವ ಗುಣಗಳು ಸಂಸಾರಕ್ಕೆ ಬಂದಿವೆ, ಯಾವುವು ಬಂದಿಲ್ಲ ಎಂದು ಕೇಳಬೇಕು. ಮೀನು ಬರಲಿಲ್ಲವೆಂದು ತರಗತಿ ನಕ್ಕೀತು. ಉಪ್ಪೂ ಬರಲಿಲ್ಲವೆಂದು ಹಲವರು ಹೇಳಿಯಾರು. ಕಣ್ಣೀರಿನಲ್ಲಿ ಉಪ್ಪು ಉಂಟಲ್ಲ ಎಂದು ಹುಡುಗಿಯೊಬ್ಬಳು ಎದ್ದು ನುಡಿದರೆ, ಕೈಪಿಡಿಯಲ್ಲಿ ಇಲ್ಲದಿದ್ದರೂ ಆ ಉತ್ತರಕ್ಕೆ ಪೂರ್ಣ ಅಂಕ ಸಲ್ಲತಕ್ಕದ್ದು.